ಥಾಯ್ ಗ್ಯಾಂಗ್‌ಸ್ಟರ್ ಸಿನಿಮಾದಲ್ಲಿ ಯಾರಿದಾರೆ, ಯಾರಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಾರಿಗೆ ಈ ಸಿನಿಮಾ ತೋರಿಸಿದ್ರೂ ಮುಗಿದ ಮೇಲೆ ಅದೇ ಅದೇ ಪ್ರಶ್ನೆ ಬರುತ್ತೆ, ಒಬ್ಬೊಬ್ಬರಿಗೂ ಕೂತು ಉತ್ತರ ಹೇಳಿ ಹೇಳಿ ಸುಸ್ತಾಯ್ತು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದು ಹಾಕ್ತಿದೀನಿ. ಕಥೆ ಗೊತ್ತಾಗ್ಬಾರ್ದು ಅನ್ನೋರು ಸಿನಿಮಾ ನೋಡ್ಕೊಂಡು ಬಂದು ಓದಿ, ಆಮೇಲೆ ನನ್ನ ಬೈಬೇಡಿ.

ಯಾವ ಸಿನಿಮಾ ಬಗ್ಗೆ ಮಾತಾಡ್ತಿರೋದು?

ಮುಖ್ಯವಾಗಿ 1997ರ ಥಾಯ್ ಸಿನಿಮಾ, ಇಂಗ್ಲಿಷಲ್ಲಿ ‘ಡ್ಯಾಂಗ್ ಬೈರ್ಲೀಸ್ ಅಂಡ್ ಯಂಗ್ ಗ್ಯಾಂಗ್‌ಸ್ಟರ್ಸ್’ ಅಂತ ಕರೀತಾರೆ. ನಾನ್ಸೀ ನಿಮಿಬುತ್ ಅನ್ನೋ ಡೈರೆಕ್ಟರ್‌ಗೆ ಅದು ಮೊದಲನೇ ಸಿನಿಮಾ, ಅಲ್ಲಿವರೆಗೂ ಜಾಹೀರಾತು ಮಾಡ್ಕೊಂಡಿದ್ದೋರು. ಸ್ಕ್ರಿಪ್ಟ್ ವಿಸಿತ್ ಸಾಸನಾತಿಯಂಗ್ ಅವ್ರದ್ದು. ಥಾಯ್ ಹೆಸರು ‘2499 ಅಂಥಫಾನ್ ಖ್ರೋಂಗ್ ಮುಯಾಂಗ್’, ಅಂದ್ರೆ ಹತ್ರ ಹತ್ರ ‘ಊರಾಳಿದ ಪುಂಡರು’. ನಾನು ಇಲ್ಲಿ ಸುಮ್ನೆ ‘2499’ ಅಂತೀನಿ. ಜೊತೆಗೆ ಇನ್ನೆರಡು ಬರುತ್ತೆ: ಇದೇ ಕಾಲದ ಬಗ್ಗೆ 2012ರಲ್ಲಿ ಕೊಂಗ್ಕಿಯತ್ ಖೋಮ್ಸಿರಿ ಮಾಡಿದ ‘ಅಂಥಫಾನ್’, ಮತ್ತೆ ಅದೇ ಡೈರೆಕ್ಟರ್ 2016ರಲ್ಲಿ ಮಾಡಿದ ‘ಖುನ್ ಫನ್’.

ಅಂಥಫಾನ್ ಅನ್ನೋ ಪದ ಕೇಳಿದ್ರೆ ಎಲ್ಲೋ ಕೇಳಿದ ಹಾಗೆ ಅನ್ಸುತ್ತಲ್ವಾ? ಪಾಳಿ ಭಾಷೆಯ ಅಂಧ-ಬಾಲ ಅದು. ಪಾಳಿಯಲ್ಲಿ ಬಾಲ ಅಂದ್ರೆ ದಡ್ಡ, ತಿಳಿಗೇಡಿ. ಕುರುಡು ದಡ್ಡ ಅನ್ನೋ ಪದ ಥಾಯ್‌ಗೆ ಹೋಗಿ ರೌಡಿ ಆಗಿದೆ. ಈ ಪದ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

2499 ಅಂದ್ರೆ ಏನು, ಕೇಸ್ ನಂಬರ್ರಾ?

ಎಲ್ರೂ ಹಾಗೇ ಅನ್ಕೋತಾರೆ! ಬುದ್ಧನ ಶಕೆ ಅದು. 543 ಕಳೆದ್ರೆ ನಮ್ಮ ಕ್ಯಾಲೆಂಡರ್ ಲೆಕ್ಕ ಸಿಗುತ್ತೆ, 1956. ಬುದ್ಧನ ಶಾಸನ 5000 ವರ್ಷ ಇರುತ್ತೆ ಅಂತ ಅಲ್ಲಿ ನಂಬಿಕೆ, ಹಾಗಾಗಿ 2500 ಅಂದ್ರೆ ಕರೆಕ್ಟಾಗಿ ಅರ್ಧ, 1957ರಲ್ಲಿ ಸರ್ಕಾರವೇ ನಿಂತು ದೊಡ್ಡ ಹಬ್ಬ ಮಾಡ್ತು. ಅದೇ ವರ್ಷ ಸೆಪ್ಟೆಂಬರ್ 16ಕ್ಕೆ ಫೀಲ್ಡ್ ಮಾರ್ಷಲ್ ಸರಿತ್ ತನರತ್ ದಂಗೆ ಮಾಡಿ ಪ್ರಧಾನಿ ಫಿಬೂನ್ ಸರ್ಕಾರ ಕಿತ್ತು ಹಾಕಿದ. ಸೋ 2499 ಅಂದ್ರೆ ಎಲ್ಲಾ ಬದಲಾಗೋಕೆ ಒಂದು ವರ್ಷ ಮುಂಚೆ. ಥಾಯ್ ಪ್ರೇಕ್ಷಕನಿಗೆ ಆ ನಂಬರ್ ನೋಡಿದ ತಕ್ಷಣ ಇದಿಷ್ಟೂ ಹೊಳೆಯುತ್ತೆ, ನಮಗೆ ಈ ಥರ ಒಬ್ರು ಕೂತು ಹೇಳ್ಬೇಕು.

ಡೇಂಗ್, ಅಂದ್ರೆ ಟೈಟಲ್‌ನಲ್ಲಿರೋ ‘ಡ್ಯಾಂಗ್’, 2499ರ ಹೀರೋ, ನಿಜವಾಗ್ಲೂ ಇದ್ನಾ?

ಇದ್ದ. 1950ರ ದಶಕದ ಬ್ಯಾಂಕಾಕ್‌ನಲ್ಲಿ ಹೆಸರು ಮಾಡಿದ ಹುಡುಗ. 1964ರಲ್ಲಿ ಕಾರ್ ಆಕ್ಸಿಡೆಂಟಲ್ಲಿ ಸತ್ತ, ಇನ್ನೂ ಸಣ್ಣ ವಯಸ್ಸು. ಆ ಕಾಲದ ರೌಡಿಗಳ ಬಗ್ಗೆ ಸುರಿಯನ್ ಸಕ್‌ಥೈಸೋಂಗ್ ಅನ್ನೋರು ಪುಸ್ತಕ ಬರೆದಿದಾರೆ, ಸಿನಿಮಾಗೆ ಅದೇ ಮೂಲ.

ಹೆಸರುಗಳು ಮಾತ್ರ ಸಖತ್. ಡೇಂಗ್ ಅಂದ್ರೆ ಕೆಂಪು, ಡಮ್ ಅಂದ್ರೆ ಕಪ್ಪು. ನಮ್ಮ ಹಳ್ಳಿ ಕಡೆ ಕೆಂಪ, ಕರಿಯ ಅಂತ ಕರೀತಾರಲ್ಲ, ಅದೇ ಲೆಕ್ಕ. ಅದರ ಹಿಂದೆ ಒಂದು ಬಾಲ ಬೇರೆ. ಡೇಂಗ್‌ಗೆ ‘ಬೈಲೇ’, ಅದು ಬೈರ್ಲೀಸ್ ಅನ್ನೋ ಅಮೆರಿಕನ್ ಆರೆಂಜ್ ಡ್ರಿಂಕ್‌ನ ಬ್ರ್ಯಾಂಡ್. ಡಮ್‌ಗೆ ‘ಎಸ್ಸೋ’, ಪೆಟ್ರೋಲ್ ಕಂಪನಿ. ಇನ್ನೊಬ್ಬ ಪು, ಅವ್ನಿಗೆ ‘ಬಾಟ್ಲಿ ಬಾಂಬ್’. ಕಥೆ ಹೇಳೋ ಪಿಯಕ್‌ಗೆ ‘ವಿಸುತ್ ಕಸತ್’, ಬ್ಯಾಂಕಾಕ್‌ನ ಒಂದು ರಸ್ತೆ ಹೆಸರು. ಕೆಂಪ ಆರೆಂಜ್‌ಡ್ರಿಂಕ್, ಕರಿಯ ಪೆಟ್ರೋಲ್‌ಬಂಕ್! ಆ ಕಾಲದಲ್ಲಿ ಅಮೆರಿಕದ ಹವಾ ಎಷ್ಟಿತ್ತು ಅಂತ ತಿಳ್ಕೊಳ್ಳೋಕೆ ಇಷ್ಟು ಸಾಕು, ತಲೆಗೆ ಎಲ್ವಿಸ್ ಕ್ರಾಪು, ಮನಸಲ್ಲಿ ಜೇಮ್ಸ್ ಡೀನು, ಹೆಸರಲ್ಲಿ ಎಸ್ಸೋ.

ರೌಡಿ ಸಿನಿಮಾಗೆ ವೈವಿಧ್ಯ, ಪ್ರಾತಿನಿಧ್ಯ ಅಂತೆಲ್ಲಾ ಯಾಕೆ ಗುರು? ಫೈಟ್ ನೋಡಿ ಖುಷಿ ಪಡಬಾರ್ದಾ?

ಪಡಿ, ನಾನೂ ಪಟ್ಟಿದೀನಿ, ಮೂರು ಸಲ ನೋಡಿದೀನಿ. ಆದ್ರೆ ಈ ಸಿನಿಮಾ ಫೈಟ್ ತೋರಿಸಿ ಸುಮ್ಮನಾಗಲ್ಲ, ಒಂದು ಕಾಲ ಕಳೆದುಹೋಯ್ತಲ್ಲ ಅಂತ ಅಳುತ್ತೆ. ಸರಿತ್ ಬಂದ, ಮಿಲಿಟರಿ ಕಾನೂನು ಬಂತು, ಹುಡುಗರು ಬ್ಯಾಂಕಾಕ್ ಬಿಟ್ಟು ಓಡಿದ್ರು, ಸ್ನೇಹ ಒಡೀತು. ಈ ಅಳು ಯಾರಿಗೋಸ್ಕರ ಅನ್ನೋದೇ ನನ್ನ ಪ್ರಶ್ನೆ.

ಯಾಕಂದ್ರೆ ಸರಿತ್‌ನ ಪೊರಕೆ ಗುಡಿಸಿದ್ದು ರೌಡಿಗಳನ್ನ ಮಾತ್ರ ಅಲ್ಲ. 1958ರ ಅಕ್ಟೋಬರ್‌ನಲ್ಲಿ ಅವನು ಎರಡನೇ ಸಲ ದಂಗೆ ಮಾಡಿ ಪೂರ್ತಿ ಅಧಿಕಾರ ಕೈಗೆ ತಗೊಂಡ, ನವೆಂಬರ್‌ನಲ್ಲೇ ‘ಅಂಥಫಾನ್’ ಅಂತ ಅನುಮಾನ ಬಂದವ್ರನ್ನ ಹಿಡಿದು ಕೂಡಿಹಾಕೋ ಆದೇಶ ಬಂತು. ಅದ್ರ ಬೆನ್ನಿಗೇ ಅಫೀಮು. ಅಲ್ಲಿವರೆಗೂ ಅಫೀಮು ಸರ್ಕಾರದ್ದೇ ಲೈಸೆನ್ಸ್ ವ್ಯಾಪಾರ, 1959ರ ಮಧ್ಯದ ಹೊತ್ತಿಗೆ ಅಡ್ಡೆಗಳೆಲ್ಲಾ ಬಂದ್, ಸೇದೋ ಕೊಳವೆಗಳನ್ನ ಅರಮನೆ ಹತ್ರ ಇರೋ ಸನಾಮ್ ಲುವಾಂಗ್ ಮೈದಾನದಲ್ಲಿ ರಾಶಿ ಹಾಕಿ ಸುಟ್ರು. 1960ರಲ್ಲಿ ವೇಶ್ಯಾವಾಟಿಕೆ ನಿಷೇಧ ಕಾನೂನು. ಅದೇ ಹೊತ್ತಿಗೆ ಸೈಕಲ್ ರಿಕ್ಷಾ ಕೂಡ ಬ್ಯಾಂಕಾಕ್ ರಸ್ತೆಗಳಿಂದ ಎತ್ತಂಗಡಿ, ಊರಿನ ಅಂದ ಹಾಳಾಗುತ್ತಂತೆ. ರೌಡಿ, ಅಫೀಮು ಸೇದೋ ಕೂಲಿ, ಸೂಳೆಗೇರಿಯ ಹೆಂಗಸು, ರಿಕ್ಷಾ ತುಳಿಯೋನು, ನಾಲ್ಕೂ ಜನ ಒಂದೇ ಕಸದ ಮೊರಕ್ಕೆ ಬಿದ್ರು. ಇವ್ರಲ್ಲಿ ಎಲ್ವಿಸ್ ಕ್ರಾಪ್ ಇದ್ದ ಹುಡುಗರಿಗೆ ಮಾತ್ರ ಸಿನಿಮಾ ಸಿಕ್ತು. ಈ ಪೇಜಿನಲ್ಲಿ ನಾನು ಹೇಳೋಕೆ ಹೊರಟಿರೋದು ಅಷ್ಟೇ, ಉಳಿದದ್ದೆಲ್ಲಾ ಇದ್ರ ವಿವರ.

ಬ್ಯಾಂಕಾಕ್ ಅಂದ್ರೆ ಅರ್ಧ ಚೀನಿ ಊರು ಅಂತಾರೆ, ಸಿನಿಮಾಲಿ ಚೀನೀಯರು ಎಲ್ಲಿ?

ಇದಾರೆ ಅಂದ್ರೆ ಇದಾರೆ, ಇಲ್ಲ ಅಂದ್ರೆ ಇಲ್ಲ. ಬ್ಯಾಂಕಾಕ್‌ನ ಯಾವರಾತ್, ಸಂಪೆಂಗ್ ಕಡೆ ಪೂರ್ತಿ ತೆಒಚಿಯು ಅನ್ನೋ ಚೀನಿ ಭಾಷೆ ಮಾತಾಡೋ ಜನ, ಅವ್ರ ಹಳೇ ಗುಪ್ತ ಸಂಘಗಳಿಗೆ ಥಾಯ್‌ನಲ್ಲಿ ‘ಆಂಗ್ ಯೀ’ ಅಂತಾರೆ. ಅಂದ್ರೆ ಬ್ಯಾಂಕಾಕ್‌ನ ಭೂಗತ ಜಗತ್ತಿನ ಚರಿತ್ರೆ ಬರೆಯೋಕೆ ಕೂತ್ರೆ ಮೊದಲ ಅಧ್ಯಾಯವೇ ಅವ್ರದ್ದು. ಆದ್ರೆ 2499ರ ಹುಡುಗರ ಮನೆ ಭಾಷೆ ಏನು, ಅಜ್ಜ ಯಾವ ಹಡಗಲ್ಲಿ ಬಂದ ಅನ್ನೋ ವಿಷಯ ಕಥೆಗೆ ಬೇಕಾಗೇ ಇಲ್ಲ, ಎಲ್ರೂ ‘ಥಾಯ್’.

ಇದು ಸಿನಿಮಾ ಮಾಡಿದವ್ರ ತಪ್ಪು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. 1939ರಲ್ಲಿ ಸಯಾಂ ಅನ್ನೋ ದೇಶಕ್ಕೆ ಥಾಯ್ ದೇಶ ಅಂತ ಹೆಸರಿಟ್ಟವನು ಇದೇ ಫಿಬೂನ್. ಅವ್ನ ಕಾಲದಲ್ಲಿ ಚೀನಿ ಸ್ಕೂಲುಗಳಿಗೆ ಬೀಗ, ಕೆಲವು ಕಸುಬು ಥಾಯ್ ಪ್ರಜೆಗಳಿಗೆ ಮಾತ್ರ ಅಂತ ಕಾನೂನು. ಜನ ಉದ್ದುದ್ದ ಥಾಯ್ ಸರ್‌ನೇಮ್ ಹಾಕ್ಕೊಂಡು ಕರಗಿಬಿಟ್ರು. ಎಷ್ಟು ಉದ್ದ ಅಂದ್ರೆ ಇವತ್ತಿಗೂ ಸರ್‌ನೇಮ್ ಜಾಸ್ತಿ ಉದ್ದ ಇದ್ರೆ ಚೀನಿ ಮೂಲ ಇರಬಹುದು ಅಂತ ಅವ್ರೇ ತಮಾಷೆ ಮಾಡ್ಕೋತಾರೆ. ಕರಗಿಸಿ ಆದ್ಮೇಲೆ ಬಂದ ಸಿನಿಮಾ ಇದು, ಅದ್ರಲ್ಲಿ ಕರಗಿದವ್ರು ಕಾಣಲ್ಲ.

ಥಾಯ್ ಸಿನಿಮಾ ಸೀರಿಯಲ್‌ಗಳಲ್ಲಿ ಚೀನೀಯ ಕಾಣೋದು ಎರಡೇ ವೇಷದಲ್ಲಿ: ಬನಿಯನ್ ಹಾಕ್ಕೊಂಡು ಮುರುಕು ಥಾಯ್ ಮಾತಾಡೋ ಅಂಗಡಿಯವ್ನು, ಇಲ್ಲಾ ಚಿನ್ನದ ಸರದ ‘ಸಿಯಾ’, ಅಂದ್ರೆ ದುಡ್ಡಿನ ಕುಳ. ಸರಿತ್ ಬಂದ ಹೊಸದ್ರಲ್ಲಿ ಅಂಗಡಿಗಳಿಗೆ ಬೆಂಕಿ ಹಚ್ಚಿದ ಆರೋಪದ ಮೇಲೆ ಚೀನಿ ಮೂಲದ ವ್ಯಾಪಾರಿಗಳನ್ನ ಕೋರ್ಟೂ ಇಲ್ಲದೆ ಗುಂಡಿಟ್ಟು ಕೊಂದಿದ್ರು. ಗ್ಯಾಂಗ್‌ಸ್ಟರ್ ಸಿನಿಮಾಗೆ ಇದಕ್ಕಿಂತ ಸೀನ್ ಬೇಕಾ? ಯಾರೂ ಮುಟ್ಟಲ್ಲ.

ಇಸಾನ್ ಜನ?

ಇಸಾನ್ ಅಂದ್ರೆ ಈಶಾನ್ಯ, ಪದವೂ ನಮ್ಮ ‘ಈಶಾನ್ಯ’ದ್ದೇ ಸಂಬಂಧಿ. ಲಾವೋ ಭಾಷೆ ಮಾತಾಡೋ, ಮಳೆ ನಂಬ್ಕೊಂಡು ಬದುಕೋ ಬಡ ಪ್ರಾಂತ. ಬೆಳೆ ಕೈಕೊಟ್ಟಾಗ ಗಂಡಸರು ರೈಲು ಹತ್ತಿ ಬ್ಯಾಂಕಾಕ್‌ಗೆ ಬಂದು ‘ಸಾಮ್‌ಲೋ’ ತುಳೀತಿದ್ರು, ಮೂರು ಚಕ್ರದ ಸೈಕಲ್ ರಿಕ್ಷಾ. 1950ರ ದಶಕದ ಬ್ಯಾಂಕಾಕ್ ರಾತ್ರಿ ಅಂದ್ರೆ ರೌಡಿಗಿಂತ ಹೆಚ್ಚು ಕಾಣ್ತಿದ್ದದ್ದು ಇವ್ರೇ. ಸಿನಿಮಾಲಿ ಇವ್ರು ಫ್ರೇಮ್ ತುಂಬಿಸೋಕೆ.

ಒಂದು ಪದ ಹೇಳ್ತೀನಿ. ಇಸಾನ್‌ನಲ್ಲಿ ‘ಸಿಯಾವ್’ ಅಂದ್ರೆ ಪ್ರಾಣ ಸ್ನೇಹಿತ, ಕೈಗೆ ದಾರ ಕಟ್ಟಿ ದೊಡ್ಡವ್ರ ಮುಂದೆ ಮಾಡ್ಕೊಳ್ಳೋ ಗೆಳೆತನ, ಒಬ್ಬರ ಅಪ್ಪ ಅಮ್ಮ ಇನ್ನೊಬ್ಬರಿಗೂ ಅಪ್ಪ ಅಮ್ಮ. ಅದೇ ಪದ ಬ್ಯಾಂಕಾಕ್‌ಗೆ ಬಂದು ಏನಾಯ್ತು ಗೊತ್ತಾ? ಗಮಾರ, ಟೇಸ್ಟ್ ಇಲ್ದೋನು ಅಂತಾಯ್ತು. ಗೆಳೆಯನಿಗೆ ಪ್ರಾಣ ಕೊಡೋ ಬಗ್ಗೆನೇ ಇರೋ ಸಿನಿಮಾ ಇದು, ಆದ್ರೆ ಗೆಳೆತನಕ್ಕೆ ಅಷ್ಟು ಗಟ್ಟಿ ಪದ ಇಟ್ಕೊಂಡಿದ್ದ ಜನ ಅದ್ರಲ್ಲಿ ರಿಕ್ಷಾ ತುಳ್ಕೊಂಡು ಹಿಂದೆ ಹೋಗ್ತಾರೆ.

ನಮ್ಮೋರು? ಅಂದ್ರೆ ಇಂಡಿಯನ್ಸ್?

ಕಥೆ ನಡೆಸೋ ಪಾತ್ರದಲ್ಲಿ ಒಬ್ರೂ ಇಲ್ಲ. ಬ್ಯಾಂಕಾಕ್‌ನಲ್ಲಿ ಇಂಡಿಯನ್ಸ್ ಇರ್ಲಿಲ್ವಾ ಅಂದ್ರೆ ಧಾರಾಳವಾಗಿ ಇದ್ರು. ಫಾಹುರತ್‌ನಲ್ಲಿ ಪಂಜಾಬಿ ಸಿಖ್ಖರ ಬಟ್ಟೆ ಅಂಗಡಿ, ಸೀಲೋಮ್‌ನಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ, ಉತ್ತರ ಪ್ರದೇಶದ ಕಡೆಯಿಂದ ಬಂದು ರಾತ್ರಿ ಕಾವಲು ಕಾಯೋರು, ಕಡ್ಲೆಕಾಯಿ, ಸೊಳ್ಳೆ ಪರದೆ ಮಾರೋರು, ಬಡ್ಡಿಗೆ ಸಾಲ ಕೊಡೋರು. ಥಾಯ್‌ನಲ್ಲಿ ಇವ್ರಿಗೆಲ್ಲಾ ಒಂದೇ ಪದ, ‘ಖೇಕ್’. ಅರ್ಥ ನೆಂಟ, ಅತಿಥಿ. ಇಂಡಿಯನ್, ಮಲಯ್ ಮುಸ್ಲಿಂ, ಅರಬ್ಬಿ, ಎಲ್ರೂ ಖೇಕ್. ಎಷ್ಟು ತಲೆಮಾರು ಆದ್ರೂ ನೆಂಟನೇ. ಆ ಮಾರಿಯಮ್ಮನ ಗುಡಿಗೂ ‘ವಾಟ್ ಖೇಕ್’ ಅಂತಲೇ ಹೆಸರು, ನೆಂಟರ ದೇವಸ್ಥಾನ.

‘ಹಾವೂ ಖೇಕೂ ಒಟ್ಟಿಗೆ ಸಿಕ್ಕಿದ್ರೆ ಮೊದ್ಲು ಖೇಕ್‌ಗೆ ಹೊಡಿ’ ಅಂತ ಥಾಯ್‌ನಲ್ಲಿ ಒಂದು ಗಾದೆ ಇದೆ. ಕೇಳಿ ಕೋಪ ಮಾಡ್ಕೋಬೇಡಿ, ಹೊರಗಿಂದ ಬಂದವ್ರ ಬಗ್ಗೆ ಇಂಥ ಮಾತು ನಾವೂ ಆಡ್ತೀವಿ, ಯಾರ ಬಗ್ಗೆ ಅಂತ ನಿಮಗೂ ಗೊತ್ತು. ಥಾಯ್ ಕಾಮಿಡಿಯಲ್ಲಿ ಕಡ್ಲೆಕಾಯಿ ಖೇಕ್ ತಲೆ ಅಲ್ಲಾಡಿಸ್ಕೊಂಡು ಬಂದು ಹೋಗ್ತಾನೆ. ಗ್ಯಾಂಗ್‌ಸ್ಟರ್ ಸಿನಿಮಾಲಿ ಅಷ್ಟೂ ಇಲ್ಲ. ರಾತ್ರಿ ಎಲ್ಲಾ ಅಂಗಡಿ ಮುಂದೆ ಹಗ್ಗದ ಮಂಚ ಹಾಕ್ಕೊಂಡು ಮಲಗ್ತಿದ್ದ ಆ ಕಾವಲುಗಾರನಷ್ಟು ಚೆನ್ನಾಗಿ ರೌಡಿಗಳ ಓಡಾಟ ಇನ್ಯಾರು ನೋಡಿರ್ತಾರೆ ಹೇಳಿ.

ಹೆಂಗಸರ ಪಾತ್ರ ಹೇಗಿದೆ?

ಎರಡು ಪಾತ್ರ ನೆನಪಲ್ಲಿ ಉಳಿಯುತ್ತೆ. ಡೇಂಗ್‌ನ ಅಮ್ಮ, ಮೈ ಮಾರಿ ಬದುಕೋಳು. ಇನ್ನೊಬ್ಬಳು ಅವ್ನ ಹುಡುಗಿ ವಲ್ಲಪಾ, ಆ ಪಾತ್ರಕ್ಕೆ ಮಾಡೆಲ್ ಶಾಂಪೇನ್ ಎಕ್ಸ್ ಅವ್ರನ್ನ ಹಾಕಿದ್ರು. ಸಿನಿಮಾದಲ್ಲಿ ಡೇಂಗ್ ಮೊದಲ ಕೊಲೆ ಮಾಡೋದು ಹದಿಮೂರನೇ ವಯಸ್ಸಲ್ಲಿ, ಅಮ್ಮನಿಗೆ ಹೊಡೀತಿದ್ದ ಗಂಡಸನ್ನ. ಹಾಗಾಗಿ ಅಮ್ಮ ಇಲ್ದೆ ಕಥೆನೇ ಇಲ್ಲ, ಆದ್ರೆ ಅವ್ಳು ಏನು ಅಂದ್ಕೊಂಡಿದ್ಲು ಅನ್ನೋದು ಮಗನ ಕಣ್ಣಿಂದಾನೇ ನಮಗೆ ಸಿಗೋದು. ರೌಡಿ ಸಿನಿಮಾದ ಅಮ್ಮಂದಿರು ಎಲ್ಲಾ ದೇಶದಲ್ಲೂ ಒಂದೇ ಬಿಡಿ, ಅತ್ತು ಅತ್ತು ಮಗನಿಗೆ ಪ್ಲಾಟ್ ಕೊಡ್ತಾರೆ.

ಇಲ್ಲಿ ಒಂದು ವಿಷ್ಯ ಮಾತ್ರ ನನ್ನನ್ನ ಬಿಡಲ್ಲ, ಸ್ವಲ್ಪ ಉದ್ದ ಆಗುತ್ತೆ, ಓದಿ. ಅಮ್ಮನಿಗೆ ಇರೋದು ಒಂದೇ ಆಸೆ, ಮಗ ಒಂದು ಸಲ ಭಿಕ್ಷು ದೀಕ್ಷೆ ತಗೋಬೇಕು. ಥಾಯ್ ಗಂಡುಮಕ್ಕಳು ಸ್ವಲ್ಪ ದಿನಕ್ಕಾದ್ರೂ ಕಾವಿ ಉಡೋದು ಸಂಪ್ರದಾಯ, ಆ ಪುಣ್ಯ ಅಮ್ಮನಿಗೆ ಹೋಗುತ್ತೆ, ಮಗನ ಹಳದಿ ಬಟ್ಟೆಯ ಅಂಚು ಹಿಡ್ಕೊಂಡು ಅಮ್ಮ ಸ್ವರ್ಗಕ್ಕೆ ಹೋಗ್ತಾಳೆ ಅಂತ ಮಾತಿದೆ. ಯಾಕೆ ಮಗನ ಬಟ್ಟೆ ಹಿಡೀಬೇಕು, ತಾನೇ ಉಡಬಹುದಲ್ಲ? ಉಡಂಗಿಲ್ಲ. ಹೆಂಗಸರಿಗೆ ದೀಕ್ಷೆ ಕೊಡಬಾರ್ದು ಅಂತ 1928ರಲ್ಲೇ ಥಾಯ್ ಭಿಕ್ಷು ಸಂಘದ ಆದೇಶ ಆಗಿದೆ. ಹೆಂಗಸು ಆ ದೇಶದಲ್ಲಿ ಸ್ವರ್ಗಕ್ಕೆ ಹೋಗೋಕೂ ಒಬ್ಬ ಗಂಡಸಿನ ಬಟ್ಟೆ ಚುಂಗು ಬೇಕು, ಆ ಗಂಡಸು ಊರಿಗೇ ದೊಡ್ಡ ರೌಡಿ ಆಗಿದ್ರೂ ನಡೆಯುತ್ತೆ.

ದೀಕ್ಷೆಗೆ ನಿಂತ ಹುಡುಗನಿಗೆ ತಲೆ ಬೋಳಿಸ್ತಾರೆ, ಹುಬ್ಬೂ ಬೋಳಿಸ್ತಾರೆ, ಬಿಳಿ ಬಟ್ಟೆ ಉಡಿಸ್ತಾರೆ, ಆವಾಗ ಅವ್ನಿಗೆ ‘ನಾಕ್’ ಅಂತಾರೆ, ಅಂದ್ರೆ ನಾಗ. ಹಿಂದೆ ಒಂದು ನಾಗ ಮನುಷ್ಯನ ವೇಷ ಹಾಕ್ಕೊಂಡು ಭಿಕ್ಷು ಆಗಿತ್ತಂತೆ, ನಿದ್ದೆಯಲ್ಲಿ ನಿಜರೂಪ ಬಯಲಾಯ್ತು, ಬುದ್ಧ ಆಗಲ್ಲ ಅಂದ. ಅದ್ರ ನೆನಪಿಗೆ ಈ ಹೆಸರು. ಅದಕ್ಕೇ ಇವತ್ತಿಗೂ ದೀಕ್ಷೆಗೆ ಮುಂಚೆ ಪಾಳಿಯಲ್ಲಿ ಪ್ರಶ್ನೆ ಕೇಳ್ತಾರೆ: ‘ಮನುಸ್ಸೋಸಿ?’ ಮನುಷ್ಯನಾ ನೀನು? ‘ಪುರಿಸೋಸಿ?’ ಗಂಡಸಾ? ‘ಭುಜಿಸ್ಸೋಸಿ?’ ಯಾರ ಆಳೂ ಅಲ್ಲ ತಾನೆ? ‘ಅನಣೋಸಿ?’ ಸಾಲ ಇಲ್ಲ ತಾನೆ? ಕನ್ನಡದೋರಿಗೆ ಸಬ್‌ಟೈಟಲ್ಲೇ ಬೇಡ, ನೋಡಿ. ಒಂದೊಂದು ಪ್ರಶ್ನೆಗೂ ಒಂದೊಂದು ಥರದ ಜನ ಬಾಗಿಲಾಚೆ ಉಳ್ಕೋತಾರೆ. ಕೊಲೆ ಮಾಡಿದೀಯಾ ಅನ್ನೋ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ! ಸಿನಿಮಾಲಿ ಬಣಗಳ ಜಗಳ ಕೊನೆಗೆ ಬಂದು ಮುಟ್ಟೋದು ಈ ದೀಕ್ಷೆಯ ದಿನಕ್ಕೇ, ಅದನ್ನ ನೋಡುವಾಗ ಎಲ್ರ ಕಣ್ಣೂ ಡೇಂಗ್ ಮೇಲಿರುತ್ತೆ. ಒಂದು ಸಲ ಅಮ್ಮನ ಕೈ ನೋಡಿ.

ಗೇ, ಟ್ರಾನ್ಸ್ ಪಾತ್ರಗಳು? ಥಾಯ್ಲೆಂಡ್ ಅಂದ್ರೆ ಅದ್ರಲ್ಲಿ ಮುಂದೆ ಅಲ್ವಾ?

ಈಗ ಮುಂದೆ, 2025ರ ಜನವರಿ 23ರಿಂದ ಅಲ್ಲಿ ಸಲಿಂಗ ಮದುವೆಗೆ ಕಾನೂನು ಒಪ್ಪಿಗೆ ಇದೆ. ಸಿನಿಮಾದಲ್ಲಿ ‘ಕಥೋಯ್’ (ಟ್ರಾನ್ಸ್ ಹೆಂಗಸರಿಗೆ ಥಾಯ್ ಪದ) ಪಾತ್ರ ಅಂದ್ರೆ ತುಂಬಾ ಕಾಲ ನಗಿಸೋಕೆ. 2000ದಲ್ಲಿ ಬಂದ ವಾಲಿಬಾಲ್ ಟೀಮಿನ ಸಿನಿಮಾ, ಲಂಪಾಂಗ್‌ನ ನಿಜವಾದ ಟೀಮಿನ ಕಥೆ, ಅವ್ರನ್ನ ಹೀರೋ ಮಾಡ್ತು. ಹಾಗಂತ ಎಲ್ಲಾ ಸರಿಹೋಯ್ತು ಅನ್ನಂಗಿಲ್ಲ, ತನ್ವಾರಿನ್ ಸುಕ್ಕಪಿಸಿತ್ ಮಾಡಿದ ಕಥೋಯ್ ತಂದೆಯ ಕಥೆಯ ಸಿನಿಮಾನ 2010ರಲ್ಲಿ ಬ್ಯಾನ್ ಮಾಡಿದ್ರು.

2499ರಂಥ ಸಿನಿಮಾಲಿ ಇವ್ರಿಗೆ ಜಾಗ ಇಲ್ಲ, ‘ಪುರಿಸೋಸಿ’ ಪ್ರಶ್ನೆಯಲ್ಲೇ ಔಟ್. ಆದ್ರೆ ನನಗೆ ಅನ್ಸೋದು, ಇಡೀ ಸಿನಿಮಾದಲ್ಲಿ ನಿಜವಾದ ಪ್ರೀತಿ ಇರೋದು ಹುಡುಗರ ನಡುವೆನೇ. ಒಬ್ರನ್ನೊಬ್ರು ನೋಡೋ ರೀತಿ, ಮುನಿಸು, ಹೊಟ್ಟೆಕಿಚ್ಚು. ಪು ಮತ್ತೆ ಡೇಂಗ್ ನಡುವಿನ ದ್ವೇಷಕ್ಕಿರೋ ಬಿಸಿ ಡೇಂಗ್-ವಲ್ಲಪಾ ಸೀನ್‌ಗಳಲ್ಲಿ ಎಲ್ಲಿದೆ? ನಾನು ಹೀಗಂದ್ರೆ ಫ್ರೆಂಡ್ಸು ನಗ್ತಾರೆ, ನಗ್ಲಿ.

ದಕ್ಷಿಣದ ಮುಸ್ಲಿಮರ ಬಗ್ಗೆ ಇಂಥ ಸಿನಿಮಾ ಇದ್ಯಾ?

‘ಖುನ್ ಫನ್’ ಇದೆ. ಖುನ್ ಫನ್ ಅನ್ನೋರು ನಿಜವಾದ ಪೊಲೀಸ್ ಆಫೀಸರ್, 2006ರಲ್ಲಿ ನೂರು ದಾಟಿ ತೀರ್ಕೊಂಡ್ರು, ಮಂತ್ರ ತಾಯಿತ ಹಚ್ಚೆಗೆ ಹೆಸರಾದವ್ರು. ದಕ್ಷಿಣದ ನರಾಥಿವಾತ್ ಕಡೆ ಮಲಯ್ ಮುಸ್ಲಿಂ ದರೋಡೆಕೋರನನ್ನ ಹಿಡಿದಿದ್ರು. ಆಳು ಕುಳ್ಳ, ಅದಕ್ಕೆ ಅಲ್ಲಿನ ಮುಸ್ಲಿಮರು ‘ರಾಯೋ ಕಚಿ’ ಅಂತಿದ್ರಂತೆ, ಸಣ್ಣ ರಾಜ. ಥಾಯ್ ಜನ ಸೂಜಿಮೆಣಸಿನಕಾಯಿ ವೀರ ಅಂದ್ರು.

ಸಿನಿಮಾಲಿ ಈ ಸೂಜಿಮೆಣಸಿನಕಾಯಿ ಪಾತ್ರ ಮಾಡಿದ್ದು ಆನಂದ ಎವರಿಂಗ್‌ಹ್ಯಾಮ್, ಎತ್ತರದ ಆಳು, ಅಪ್ಪ ಆಸ್ಟ್ರೇಲಿಯಾ, ಅಮ್ಮ ಲಾವೋಸ್. ಎದುರಿಗಿರೋ ಮಲಯ್ ಮುಸ್ಲಿಂ ಡಕಾಯಿತನ ಪಾತ್ರಕ್ಕೆ ಕೃಸದಾ ಸುಕೋಸೋಲ್ ಕ್ಲ್ಯಾಪ್, ಬ್ಯಾಂಕಾಕ್‌ನ ದೊಡ್ಡ ಹೋಟೆಲ್ ಮನೆತನ, ಅಪ್ಪ ಅಮೆರಿಕದವ್ರು, ಒಳ್ಳೇ ರಾಕ್ ಸಿಂಗರ್ ಕೂಡ. ಅಂದ್ರೆ ದಕ್ಷಿಣದ ಕಾಡಿನ ಕಥೆ, ಇಬ್ಬರು ಮುಖ್ಯ ನಟರೂ ‘ಲೂಕ್ ಖ್ರುಂಗ್’, ಅಂದ್ರೆ ಅರ್ಧ ವಿದೇಶಿ ಮಕ್ಕಳು. ಇಬ್ರೂ ಚೆನ್ನಾಗಿ ಮಾಡಿದಾರೆ, ಕೃಸದಾ ಅಂತೂ ಬೆಂಕಿ. ಆದ್ರೆ ಥಾಯ್ ತೆರೆಗೆ ಯಾವ ಬಣ್ಣ, ಯಾವ ಮೂಗು ಬೇಕು ಅನ್ನೋದು ಇದ್ರಲ್ಲೇ ಗೊತ್ತಾಗುತ್ತೆ. ಮಲಯ್ ಮುಸ್ಲಿಂ ಅಂದ್ರೆ ಮಂತ್ರಶಕ್ತಿಯ ಖಳ ಅನ್ನೋ ಅಚ್ಚು ಒಂದು ಕಡೆ, ಆ ಅಚ್ಚಿನ ಪಾತ್ರ ಮಾಡೋಕೂ ದಕ್ಷಿಣದ ಒಬ್ಬ ಪಟ್ಟಾನಿ ಹುಡುಗನಿಗೆ ಚಾನ್ಸ್ ಇಲ್ಲ ಅನ್ನೋದು ಇನ್ನೊಂದು ಕಡೆ.

ಪೊಲೀಸ್ರನ್ನ ಹೇಗೆ ತೋರ್ಸಿದಾರೆ?

ಸೌಮ್ಯವಾಗಿ, ನನ್ನ ಪ್ರಕಾರ. 1957ರವರೆಗೆ ಪೊಲೀಸ್ ಇಲಾಖೆ ಮುಖ್ಯಸ್ಥ ಫಾವೋ ಸಿಯಾನೋನ್, ಅಮೆರಿಕದ ಸಿಐಎ ಬೆಂಬಲ, ಅಫೀಮು ಸಾಗಣೆಯಲ್ಲಿ ಕೈ. 1949ರ ಮಾರ್ಚ್‌ನಲ್ಲಿ ಇಸಾನ್ ಕಡೆಯ ನಾಯಕರೂ ಸೇರಿ ನಾಲ್ಕು ಜನ ಮಾಜಿ ಮಂತ್ರಿಗಳನ್ನ ಪೊಲೀಸ್ ಕಸ್ಟಡಿಯಲ್ಲಿ ಬ್ಯಾಂಕಾಕ್ ಹೊರವಲಯದ ರಸ್ತೆಯಲ್ಲಿ ಗುಂಡಿಟ್ಟು ಕೊಂದ್ರು. 1954ರ ಆಗಸ್ಟ್‌ನಲ್ಲಿ ಪಟ್ಟಾನಿಯ ಧರ್ಮಗುರು ಹಾಜಿ ಸುಲೋಂಗ್ ಸೊಂಗ್ಖ್ಲಾದ ಪೊಲೀಸ್ರ ಮುಂದೆ ಹಾಜರಾಗೋಕೆ ಹೋದವ್ರು ಮನೆಗೆ ಬರ್ಲೇ ಇಲ್ಲ. ಇವ್ರ ಮುಂದೆ ಬಾಟ್ಲಿ ಬಾಂಬ್ ಎಸೆಯೋ ಹುಡುಗರು ಯಾವ ಲೆಕ್ಕ?

ಸರಿ, ಯಾಕೆ ತೋರಿಸಲ್ಲ? 1997ರಲ್ಲಿ ಥಾಯ್ ಸಿನಿಮಾ ಸೆನ್ಸಾರ್ ನಡೀತಿದ್ದದ್ದು 1930ರ ಕಾನೂನಿನ ಮೇಲೆ, ಕತ್ತರಿ ಪೊಲೀಸ್ರ ಕೈಯಲ್ಲೇ ಇತ್ತು. 2008ರಲ್ಲಿ ಹೊಸ ಕಾನೂನು ಬಂದು ರೇಟಿಂಗ್ ಶುರುವಾದ್ರೂ ಬ್ಯಾನ್ ಮಾಡೋ ಅಧಿಕಾರ ಉಳೀತು. 2015ರಲ್ಲಿ ಒಬ್ಬ ಶ್ರಾಮಣೇರ, ಅಂದ್ರೆ ಕಿರಿಯ ಭಿಕ್ಷು, ಹುಡುಗನ ಕಥೆ ಇದ್ದ ಹಾರರ್ ಸಿನಿಮಾನ ತಡೆದು, ಹೆಸರಲ್ಲಿ ಒಂದಕ್ಷರ ತಿದ್ದಿ, ಸೀನ್ ಕತ್ತರಿಸಿದ ಮೇಲೆ ಬಿಟ್ರು. ಅಂಥ ಕಡೆ ರೌಡಿಯ ದೀಕ್ಷೆ ತೋರಿಸಿದ್ದೇ ದೊಡ್ಡ ವಿಷ್ಯ.

2012ರ ‘ಅಂಥಫಾನ್’ ಇದಕ್ಕಿಂತ ಬೆಟರಾ?

ನೋಡೋಕೆ ಇನ್ನೂ ಒರಟು, ರಕ್ತ ಜಾಸ್ತಿ. ಡೇಂಗ್ ಅದ್ರಲ್ಲೂ ಬರ್ತಾನೆ, ಆದ್ರೆ ಕಥೆ ಚೊಡ್ ಅನ್ನೋ ಇನ್ನೊಬ್ಬನದು, ಆ ಪಾತ್ರಕ್ಕೂ ಕೃಸದಾನೇ. ನನಗೆ ಇಷ್ಟ ಆಗಿದ್ದು, ನಡುನಡುವೆ ಆ ಕಾಲ ಕಂಡ ವಯಸ್ಸಾದವ್ರು ಕ್ಯಾಮೆರಾ ಮುಂದೆ ಕೂತು ಮಾತಾಡ್ತಾರೆ. ಸಾಕ್ಷ್ಯಚಿತ್ರದ ಥರ. ಅವ್ರ ಮುಖಗಳಲ್ಲಿರೋ ವೈವಿಧ್ಯ ಕಥೆಯ ಪಾತ್ರಗಳಲ್ಲಿ ಇಲ್ಲ, ಅದೊಂಥರಾ ಮಜಾ.

ಸಬ್‌ಟೈಟಲ್‌ನಲ್ಲಿ ಏನಾದ್ರೂ ಮಿಸ್ ಆಗುತ್ತಾ?

ತುಂಬಾ. ಥಾಯ್‌ನಲ್ಲಿ ನಾನು-ನೀನು ಅನ್ನೋಕೆ ಹತ್ತಾರು ಪದ. ಈ ಹುಡುಗರು ಆಡೋದು ‘ಕೂ-ಮುಂಗ್’, ಅದು ನಮ್ಮ ‘ಲೇ, ಬಾರ್ಲಾ’ ಥರದ್ದು, ಗೆಳೆಯನಿಗೆ ಅಂದ್ರೆ ಸಲುಗೆ, ಬೇರೆಯವ್ರಿಗೆ ಅಂದ್ರೆ ಹೊಡೆದಾಟ. ದೊಡ್ಡವ್ರ ಮುಂದೆ ಅದೇ ಹುಡುಗ ‘ಫೊಮ್’ ಅಂತ ನಯವಾಗಿ ಶುರು ಮಾಡ್ತಾನೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎಲ್ಲಾ ಒಂದೇ ಯೂ. ಯಾರು ಮೇಲೆ, ಯಾರು ಕೆಳಗೆ, ಸ್ನೇಹ ಯಾವ ಕ್ಷಣದಲ್ಲಿ ಮುರೀತು ಅನ್ನೋದು ಆ ಪದಗಳಲ್ಲೇ ಇರೋದು. ‘ನೀನು’ ‘ನೀವು’ ಆದಾಗ ಎದೆ ಧಸಕ್ ಅನ್ನೋದು ಕನ್ನಡದೋರಿಗೆ ಹೇಳಿಕೊಡ್ಬೇಕಾ, ಹಾಗಾಗಿ ಯಾರಾದ್ರೂ ಕನ್ನಡಕ್ಕೆ ಸಬ್‌ಟೈಟಲ್ ಮಾಡಿದ್ರೆ ಇಂಗ್ಲಿಷಿಗಿಂತ ನೂರು ಪಾಲು ಚೆನ್ನಾಗಿರುತ್ತೆ.

‘ನಕ್‌ಲೆಂಗ್’ ಅನ್ನೋ ಪದಾನೂ ಹಾಗೇ. ಮಾತಿಗೆ ತಪ್ಪದ, ನಂಬಿದವ್ರಿಗೆ ಕೈಕೊಡದ ಗಟ್ಟಿ ಆಳು ಅಂತ ಅದ್ರಲ್ಲಿ ಗೌರವ ಇದೆ. ಅಂಥಫಾನ್ ಅಂದ್ರೆ ಬೈಗುಳ, ಸರ್ಕಾರಿ ಆದೇಶದ ಭಾಷೆ. ಹುಡುಗರು ತಮ್ಮನ್ನ ನಕ್‌ಲೆಂಗ್ ಅಂದ್ಕೋತಾರೆ, ಸರ್ಕಾರ ಅಂಥಫಾನ್ ಅನ್ನುತ್ತೆ. ಎರಡಕ್ಕೂ ಸಬ್‌ಟೈಟಲ್ ‘ಗ್ಯಾಂಗ್‌ಸ್ಟರ್’ ಅಂತ ಹಾಕಿ ಕೈ ತೊಳ್ಕೊಳುತ್ತೆ.

ಅಷ್ಟೆಲ್ಲಾ ಕಮ್ಮಿ ಇದ್ರೂ 2499 ಅಷ್ಟು ಓಡಿದ್ದು ಯಾಕೆ?

ಚೆನ್ನಾಗಿತ್ತು ಅದಕ್ಕೆ. 7.5 ಕೋಟಿ ಬಾತ್‌ಗಿಂತ (ಥಾಯ್ ದುಡ್ಡು) ಜಾಸ್ತಿ ಮಾಡ್ತು, ಆ ಕಾಲಕ್ಕೆ ಥಾಯ್ ಸಿನಿಮಾಗೆ ರೆಕಾರ್ಡು. ಅದಕ್ಕೂ ಮುಂಚೆ ಅಲ್ಲಿ ಸ್ಥಳೀಯ ಸಿನಿಮಾ ಅಂದ್ರೆ ಟೀನೇಜ್ ಕಾಮಿಡಿನೇ ಜಾಸ್ತಿ, ದೊಡ್ಡವ್ರು ಹಾಲಿವುಡ್ ನೋಡ್ತಿದ್ರು. ಬಂದಿದ್ದು ಏಪ್ರಿಲ್‌ನಲ್ಲಿ, ಜುಲೈ 2ಕ್ಕೆ ಬಾತ್ ಕುಸಿದು ಇಡೀ ಏಷ್ಯಾ ಅಲ್ಲಾಡ್ತು. ಡೇಂಗ್ ಪಾತ್ರ ಮಾಡಿದ ಜೆಸಡಾಪೋರ್ನ್ ಫೋಲ್ಡೀ ಒಂದೇ ಸಿನಿಮಾಗೆ ಸ್ಟಾರ್. ನಾನ್ಸೀ ಮತ್ತೆ ವಿಸಿತ್ ಇಬ್ರೂ ಸೇರಿ ಆಮೇಲೆ ಮೇ ನಾಕ್ ದೆವ್ವದ ಕಥೆ ಮಾಡಿ ಈ ರೆಕಾರ್ಡೂ ಮುರಿದ್ರು.

ರೌಡಿಗಳನ್ನ ಹೀರೋ ಮಾಡಿದಾರೆ ಅಲ್ವಾ?

ಮಾಡಿದಾರೆ. ಜಾಹೀರಾತಿನಿಂದ ಬಂದ ಡೈರೆಕ್ಟರ್, ಹುಡುಗರನ್ನ ಶಾಂಪೂ ಮಾರೋ ಥರ ಶೂಟ್ ಮಾಡಿದಾರೆ, ಬೀದಿ ಜಗಳದಲ್ಲೂ ಕ್ರಾಪು ಕೆಡಲ್ಲ. ನನಗೆ ಹೊಳಪಿನ ಮೇಲೆ ತಕರಾರಿಲ್ಲ, ಒಬ್ರಿಗೇ ಯಾಕೆ ಅಂತ ಅಷ್ಟೇ. ಅದೇ ಬೆಳಕು, ಅದೇ ಸ್ಲೋ ಮೋಷನ್ನಲ್ಲಿ 1959ರ ಕೊನೇ ರಾತ್ರಿ ಒಬ್ಬ ಇಸಾನ್‌ನವ್ನು ಸಾಮ್‌ಲೋ ತುಳ್ಕೊಂಡು ಬರೋದನ್ನ ತೆಗೀರಿ, ನಾನು ಟಿಕೆಟ್ ತಗೋತೀನಿ.

ಮೂರರಲ್ಲಿ ಯಾವುದು ಮೊದ್ಲು ನೋಡ್ಲಿ?

2499 ಮೊದ್ಲು, ಒಂದು ವಾರ ಬಿಟ್ಟು ಅಂಥಫಾನ್. ಖುನ್ ಫನ್ ಯಾವಾಗ ಬೇಕಾದ್ರೂ ನೋಡಿ, ಅದು ಅರ್ಧ ಫ್ಯಾಂಟಸಿ, ಗುಂಡು ಮೈಗೆ ತಾಗಲ್ಲ ಅನ್ನೋ ಲೆವೆಲ್ಲು. ಮಕ್ಕಳ ಜೊತೆ ಮೂರೂ ಬೇಡ.

ಆ ಬೈರ್ಲೀಸ್ ಡ್ರಿಂಕ್ ಈಗಲೂ ಸಿಗುತ್ತಾ?

ನಂಬಿ, ಅತಿ ಹೆಚ್ಚು ಸಲ ಕೇಳಿರೋ ಪ್ರಶ್ನೆ ಇದೇ. ಜಪಾನ್‌ಗೆ ಹೋದ್ರೆ ಸಿಗುತ್ತೆ, ಅಸಾಹಿ ಕಂಪನಿ ಮಾರುತ್ತೆ, ಅವ್ರ ಬಾಯಲ್ಲಿ ಅದು ‘ಬಯಾರೀಸು’. ಕಿತ್ತಳೆ ಹಣ್ಣಿನ ಚಿತ್ರ ಇರೋ ಬಾಟ್ಲು, ಮಕ್ಕಳು ಕುಡೀತಾರೆ.